ಇಬ್ಬರ ನಡುವಿನ ಸಾವಿನ ಆಟ: ದೆವ್ವದ ಕಥೆ ಬರೆಯುವ ಕ್ರಮ, ಮೊದಲ ಗರದಿಂದ ಕೊನೆಯ ಕಾಯಿವರೆಗೆ

ಇಬ್ಬರು ಪರಿಚಯದವರು, ಒಂದು ಆಟ, ಸೋತವನಿಗೆ ಸಾವು. ಈ ಮೂರು ಎಳೆ ಹಿಡಿದು ಬರೆದ ದೆವ್ವದ ಕಥೆಗಳನ್ನು ಬಾಗಲಕೋಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ವರ್ಷಗಳಿಂದ ಓದುತ್ತ, ತಿದ್ದುತ್ತ ಬಂದಿದ್ದೇನೆ. ಬರೆಯುವವರು ಜಮಖಂಡಿ, ಮುಧೋಳ, ಇಂಡಿ, ಗೋಕಾಕ ಕಡೆಯ ಹುಡುಗ ಹುಡುಗಿಯರು, ನಡುನಡುವೆ ಒಬ್ಬಿಬ್ಬರು ನಿವೃತ್ತ ಮಾಸ್ತರರು. ಎಲ್ಲರೂ ಭಾಷೆ ಬಲ್ಲವರು, ಊರು ಬಲ್ಲವರು. ಆದರೂ ಹೆಚ್ಚಿನ ಕಥೆಗಳು ಒಂದೇ ಜಾಗದಲ್ಲಿ ಮುಗ್ಗರಿಸುತ್ತವೆ. ಆಟ ಶುರುವಾಗುತ್ತದೆ, ದೆವ್ವ ಬರುತ್ತದೆ, ಅದು ಬಂದದ್ದೇ ತಡ, ಆಟ ಎಲ್ಲರಿಗೂ ಮರೆತುಹೋಗುತ್ತದೆ. ಆಮೇಲೆ ಉಳಿಯುವುದು ಕರೆಂಟ್ ಹೋಗುವುದು, ನಾಯಿ ಊಳಿಡುವುದು, ಬಿಳಿ ಸೀರೆ.

ದೆವ್ವವನ್ನು ಮೊದಲು ಯೋಚಿಸಿ ಆಟವನ್ನು ಆಮೇಲೆ ಅಂಟಿಸಿದರೆ ಹೀಗೇ ಆಗುತ್ತದೆ. ಕೆಳಗಿನ ಕ್ರಮ ಅದಕ್ಕೆ ಪೂರಾ ಉಲ್ಟಾ. ಮೊದಲು ಆಟ, ಆಮೇಲೆ ಇಬ್ಬರು ಮನುಷ್ಯರು, ಆಮೇಲೆ ಜಾಗ. ದೆವ್ವ ಬಹಳ ತಡವಾಗಿ, ಅದೂ ಆಟದ ನಿಯಮದೊಳಗಿಂದಲೇ ಎದ್ದು ಬರಬೇಕು. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಮೂರನೆಯದನ್ನು ಬಿಟ್ಟು ಆರನೆಯದಕ್ಕೆ ಹಾರಿದವರೇ ಅದೇ ಕಥೆ ಹಿಡಿದು ಮತ್ತೆ ಬರುತ್ತಾರೆ.

## ಬರೆಯಲು ಕೂಡುವ ಮೊದಲು ಹತ್ತಿರ ಇರಬೇಕಾದದ್ದು

ನಾಲ್ಕು ಕವಡೆ. ಸಿಗದಿದ್ದರೆ ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿದ ನಾಲ್ಕು ಹುಣಸೆ ಬೀಜ. ಮನೆ ಬರೆಯಲು ಸೀಮೆಸುಣ್ಣ. ಎರಡು ಬಗೆಯ ಕಾಯಿ, ತಲಾ ನಾಲ್ಕು: ಬಳೆಚೂರು, ಸಣ್ಣ ಕಲ್ಲು, ಏನಾದರೂ ಸರಿ. ಚೌಕದ ಗೆರೆಗಳಿರುವ ಗಣಿತದ ನೋಟ್‌ಬುಕ್, ಪೆನ್ಸಿಲ್, ರಬ್ಬರ್. ಧ್ವನಿ ಮುದ್ರಿಸಿಕೊಳ್ಳಲು ಮೊಬೈಲ್. ಎಲ್ಲಕ್ಕಿಂತ ಮುಖ್ಯವಾಗಿ, ಎದುರು ಕೂತು ಆಡಲು ಒಬ್ಬರು. ಅವರು ನಿಮ್ಮ ಜೀವದ ಗೆಳೆಯರಾಗಿರುವುದು ಬೇಡ. ಓಣಿಯಲ್ಲಿ ನೋಡಿ ನಕ್ಕು ಮುಂದೆ ಹೋಗುವಷ್ಟು ಪರಿಚಯದವರಾದರೆ ಸಾಕು. ಕಾರಣ ಮೂರನೇ ಹಂತದಲ್ಲಿದೆ.

ಕೊನೆವರೆಗೆ ಒಂದೇ ಕಥೆಯನ್ನು ಉದಾಹರಣೆಯಾಗಿ ಹಿಡಿದು ನಡೆಯುತ್ತೇನೆ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಒಂದು ಊರು. ಬೇಸಿಗೆಯಲ್ಲಿ ನೀರು ಸರಿದಾಗ ಮೇಲೆದ್ದ ಅಗಸಿಯ, ಅಂದರೆ ಊರಬಾಗಿಲಿನ ಕಟ್ಟೆ. ಕಟ್ಟೆಯ ಹಾಸುಗಲ್ಲಿನ ಮೇಲೆ ಎಂದೋ ಯಾರೋ ಕೆತ್ತಿದ ಚೌಕಾಬಾರದ ಮನೆ. ಎದುರುಬದುರು ಕೂತ ಮಲ್ಲಪ್ಪ ಮತ್ತು ಶಿವು. ಇದನ್ನು ನಕಲು ಮಾಡಬೇಡಿ, ನಿಮ್ಮ ಕಥೆಗೆ ಅಳತೆಗೋಲಾಗಿ ಇಟ್ಟುಕೊಳ್ಳಿ.

## ಹಂತ 1: ಆಟ ಆರಿಸಿ, ಕೂತು ಆಡಿ

ಹೊಸ ಆಟ ಕಟ್ಟಲು ಹೋಗಬೇಡಿ. ಗೊತ್ತಿಲ್ಲದ ಆಟದ ನಿಯಮ ವಿವರಿಸುವುದರಲ್ಲೇ ಎರಡು ಪುಟ ಸವೆಯುತ್ತದೆ, ಭಯಕ್ಕೆ ಜಾಗ ಉಳಿಯುವುದಿಲ್ಲ. ನಮ್ಮ ಕಡೆ ಆಟಕ್ಕೆ ಬರವಿಲ್ಲ. ಪಂಚಮಿಯಲ್ಲಿ ಲಿಂಬಿಹಣ್ಣು ಒಗೆಯುವ ಶರ್ತು ಇದೆ, ಇಂತಿಷ್ಟು ಒಗೆತದಲ್ಲಿ ಇಂಥ ಊರು ಮುಟ್ಟಬೇಕು ಎಂದು. ಹುಲಿ-ಕುರಿ ಆಟ ಇದೆ. 3 ಹುಲಿ, 15 ಕುರಿ; ಒಬ್ಬ ಕೊಲ್ಲಲು ಆಡುತ್ತಾನೆ, ಇನ್ನೊಬ್ಬ ಕಟ್ಟಿಹಾಕಲು. ಚೌಕಾಬಾರ ಇದೆ.

ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಆಟದ ನಿಯಮಗಳೊಳಗೆ ಕ್ರೌರ್ಯ ಈಗಾಗಲೇ ಎಲ್ಲಿ ಕೂತಿದೆ? ಚೌಕಾಬಾರವನ್ನೇ ನೋಡಿ. ಉದ್ದ 5, ಅಡ್ಡ 5, ಒಟ್ಟು 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ 1. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಮನೆ ನಡೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಎರಡಕ್ಕೂ ಮತ್ತೊಂದು ಗರ ಸಿಗುತ್ತದೆ. ಎದುರಿನವನ ಕಾಯಿ ಕೂತ ಮನೆಗೇ ನಿಮ್ಮ ಕಾಯಿ ಬಂದರೆ ಅದನ್ನು ಕಡಿದಂತೆ. ಗೀಟು ಹಾಕಿದ ಕಟ್ಟೆಮನೆಯಲ್ಲಿ ಕೂತ ಕಾಯಿಯನ್ನು ಮಾತ್ರ ಯಾರೂ ಕಡಿಯುವಂತಿಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಬಹಳ ಮನೆಗಳಲ್ಲಿ ಇದರ ಜೊತೆ ಇನ್ನೊಂದು ನಿಯಮ ಇಟ್ಟು ಆಡುತ್ತಾರೆ: ಎದುರಿನವನ ಒಂದು ಕಾಯಿಯನ್ನಾದರೂ ಕಡಿಯದೆ ನಿಮ್ಮ ಕಾಯಿ ಒಳಸುತ್ತಿಗೆ ಹೋಗುವಂತಿಲ್ಲ. ಕೊಲ್ಲದವನಿಗೆ ಒಳಮನೆಯೇ ಇಲ್ಲ. ಸಣ್ಣವರಿದ್ದಾಗ ಇದನ್ನು ನಗುತ್ತಲೇ ಆಡಿದ್ದೇವೆ. ನಿಮ್ಮ ಕಥೆಗೆ ಬೇಕಾದ ಸಾವು ಆ ಒಂದು ನಿಯಮದಲ್ಲಿ ಮೊದಲೇ ಇದೆ.

ಇನ್ನೂ ಒಂದು ಇದೆ, ಇದನ್ನು ಗಮನಿಸುವವರು ಕಡಿಮೆ. ಕಡಿದ ಕಾಯಿ ಆಟದಿಂದ ಹೊರಗೆ ಹೋಗುವುದಿಲ್ಲ. ಅದು ತಾನು ಹೊರಟ ಮೊದಲ ಮನೆಗೆ ವಾಪಸ್ ಹೋಗುತ್ತದೆ, ಮತ್ತೆ ಮೊದಲಿನಿಂದ ಸುತ್ತಬೇಕು. ಸತ್ತದ್ದು ತಿರುಗಿ ಬರುತ್ತದೆ, ಅದನ್ನು ನಡೆಸುವ ಕೈ ಅದೇ ಮನುಷ್ಯನದು.

ಮಾತುಗಳೂ ನಿಮ್ಮ ಪರವಾಗಿವೆ. ಕವಡೆ ಬಿದ್ದ ಲೆಕ್ಕಕ್ಕೆ ಗರ ಅನ್ನುತ್ತೇವೆ. ದಿಕ್ಕು ತೋಚದೆ ನಿಂತವನನ್ನು ಕಂಡರೆ ಗರ ಬಡಿದವರಂಗ ನಿಂತಾನ ಅನ್ನುತ್ತೇವೆ. ಕಾಯಿ ಕಡಿಯುತ್ತೇವೆ, ನಡುಮನೆ ಮುಟ್ಟಿದರೆ ಹಣ್ಣಾಯಿತು ಅನ್ನುತ್ತೇವೆ. ಈ ಮಾತುಗಳನ್ನು ಕಥೆಯಲ್ಲಿ ಎಲ್ಲೂ ಬಿಡಿಸಿ ಹೇಳಬೇಡಿ. ಬರೀ ಬಳಸಿ.

ಈಗ ಆಡಿ, ಕಡಿಮೆ ಅಂದರೂ ಐದು ಆಟ. ಪ್ರತಿ ಗರವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎದುರಿನವರ ಕೈ ನೋಡುತ್ತಿರಿ. ಕವಡೆಯನ್ನು ಬಾಯಿಗೆ ಹಿಡಿದು ಊದುವವರು ಯಾರು, ಮನೆಯನ್ನು ಬೆರಳಿಟ್ಟು ಎಣಿಸುವವರು ಯಾರು, ಕಣ್ಣಲ್ಲೇ ಎಣಿಸಿ ಮುಗಿಸುವವರು ಯಾರು. ಸೋಲುತ್ತಿರುವವರು ಹೆಚ್ಚಾಗಿ ಒಂದು ಕೆಲಸ ಮಾಡುತ್ತಾರೆ: ನೆಟ್ಟಗೇ ಇರುವ ಕಾಯಿಯನ್ನು ಮತ್ತೆ ನೆಟ್ಟಗೆ ಇಡುತ್ತಾರೆ. ನಾನು ಆಡಿಸಿದ ಆಟಗಳಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಕೂತಲ್ಲಿ ಕೂತು ಕಲ್ಪಿಸಿದರೆ ಇಂಥದ್ದು ಸಿಗುವುದಿಲ್ಲ.

ಇಲ್ಲಿ ಆಗುವ ತಪ್ಪುಗಳು. ಮೊದಲನೆಯದು, ಅಮಾಸೆ ರಾತ್ರಿ ಸ್ಮಶಾನದಲ್ಲಿ ಗೂಟ ಹೊಡೆದು ಬರುವ ಶರ್ತು. ಧೋತರದ ಅಂಚು ಗೂಟಕ್ಕೆ ಸಿಕ್ಕು, ಯಾರೋ ಜಗ್ಗಿದರು ಅಂತ ಎದೆ ಒಡೆದು ಸತ್ತ ಎಂಬ ಕಥೆಯನ್ನು ಊರಿನ ಪ್ರತಿ ಅಜ್ಜಿಯೂ ಹೇಳಿದ್ದಾಳೆ. ಓದುಗ ನಿಮಗಿಂತ ಮೊದಲೇ ಕೊನೆ ಮುಟ್ಟಿರುತ್ತಾನೆ. ಎರಡನೆಯದು ಲೆಕ್ಕದ ತಪ್ಪು. ನಾಲ್ಕು ಕವಡೆಯಲ್ಲಿ 5, 6, 7 ಬೀಳುವುದೇ ಇಲ್ಲ. ಒಂದು ಕಥೆಯಲ್ಲಿ ನಾಯಕನ ಜೀವ ಹೋಗುವ ಗರವೇ 6 ಆಗಿತ್ತು. ಚೌಕಾಬಾರ ಆಡಿ ಬೆಳೆದವರು ಆ ಸಾಲಿನಲ್ಲೇ ಪುಸ್ತಕ ಮಡಚುತ್ತಾರೆ.

## ಹಂತ 2: ಸಾವಿನ ನಿಯಮವನ್ನು ಮೂರೇ ಸಾಲಿನಲ್ಲಿ ಬರೆಯಿರಿ

ಆಟದ ನಿಯಮಕ್ಕೆ ಈಗ ಸಾವಿನ ನಿಯಮ ಜೋಡಿಸಬೇಕು. ಮೂರು ಸಾಲು ಮೀರಿದರೆ ಅದು ನಿಯಮವಾಗಿ ಉಳಿಯುವುದಿಲ್ಲ, ನೆಪವಾಗುತ್ತದೆ. ನಮ್ಮ ಉದಾಹರಣೆಯ ಮೂರು ಸಾಲು ಹೀಗಿವೆ:

ಒಂದು, ಆಡುವವನು ತನ್ನ 4 ಕಾಯಿಗೆ ತನ್ನ ಮನೆಯ 4 ಜನರ ಹೆಸರಿಡಬೇಕು.
ಎರಡು, ಕಾಯಿ ಕಡಿದರೆ ಆ ಹೆಸರಿನವರು ಅದೇ ರಾತ್ರಿ ಒಣ ಹಾಸಿಗೆಯ ಮೇಲೆ ನೀರು ಕುಡಿದು ಸಾಯುತ್ತಾರೆ, ಸತ್ತು ಮುಳುಗಿದ ಊರಿನ ಹಳೆ ಮನೆಗೆ ಹೋಗುತ್ತಾರೆ.
ಮೂರು, ಆಟ ಮುಗಿಯದೆ ಕೈಬಿಟ್ಟು ಎದ್ದವನ ನಾಲ್ಕೂ ಕಾಯಿ ಕಡಿದ ಲೆಕ್ಕ.

ಎರಡನೇ ಸಾಲು ಎಲ್ಲಿಂದ ಬಂತು ನೋಡಿ. ಕಡಿದ ಕಾಯಿ ಮೊದಲ ಮನೆಗೆ ಹೋಗುತ್ತದೆ ಎಂಬ ಹಳೆಯ ನಿಯಮವೇ ಅದು. ಮೂರನೇ ಸಾಲು ಇಲ್ಲದಿದ್ದರೆ ಕಥೆ ನಿಲ್ಲುವುದಿಲ್ಲ, ಏಕೆಂದರೆ ಓದುಗ ಮೊದಲು ಕೇಳುವುದೇ "ಎದ್ದು ಹೋಗಬಾರದಾ?" ಎಂದು.

ಈ ಮೂರು ಸಾಲನ್ನು ಹತ್ತು ಹನ್ನೆರಡು ವರ್ಷದ ಒಂದು ಮಗುವಿಗೆ ಓದಿ ಹೇಳಿ. ಭಯವಾಗುವಂತೆ ಹೇಳಬೇಡಿ, ಆಟ ಕಲಿಸುವ ಹಾಗೆ ಹೇಳಿ. ಮಕ್ಕಳು ನಿಯಮದಲ್ಲಿ ತೂತು ಹುಡುಕುವುದರಲ್ಲಿ ಗಟ್ಟಿಗರು. ನಮ್ಮ ಓಣಿಯ ಹುಡುಗಿಯೊಬ್ಬಳು ಇದನ್ನು ಕೇಳಿ ಎರಡೇ ಪ್ರಶ್ನೆ ಕೇಳಿದಳು. "ಮನ್ಯಾಗ ನಾಕ್ ಮಂದಿ ಇರಲಿಲ್ಲಂದ್ರ?" "ಮನಿ ಅಂದ್ರ ಯಾವ ಮನಿ?" ಈ ಎರಡು ಪ್ರಶ್ನೆ ಸಿಕ್ಕ ದಿನ ಕಥೆ ಅರ್ಧ ಮುಗಿಯಿತು. ಇಂಥ ತೂತು ಸಿಕ್ಕರೆ ಮುಚ್ಚಬೇಡಿ. ಕಥೆಯ ಕೊನೆ ಹೊರಬರುವ ದಾರಿ ಅದೇ.

ಅಪಾಯದ ಸೂಚನೆ: ಬರೆಯುತ್ತ ಬರೆಯುತ್ತ "ಆದರೆ ಈ ಸಲ ಮಾತ್ರ" ಎಂಬ ಸಾಲು ಬಂದರೆ ನಿಲ್ಲಿಸಿ. ದೆವ್ವ ನಿಯಮ ಮುರಿಯಿತು ಎಂದರೆ ಓದುಗನ ಭಯ ಅಲ್ಲಿಗೇ ಇಳಿದುಹೋಗುತ್ತದೆ. ಏನು ಬೇಕಾದರೂ ಆಗಬಹುದಾದ ಜಾಗದಲ್ಲಿ ಹೆದರಲು ಏನೂ ಇರುವುದಿಲ್ಲ. ಆಡುವ ಮನುಷ್ಯರು ಮೋಸ ಮಾಡಬಹುದು. ದೆವ್ವ ಮಾಡಕೂಡದು.

## ಹಂತ 3: ಇಬ್ಬರ ನಡುವಿನ ಪರಿಚಯವನ್ನು ಅಳೆಯಿರಿ

ಗೆಳೆಯನಾದರೆ ಮೊದಲ ಸಾವಿಗೇ ಕವಡೆ ಕಿತ್ತು ನೀರಿಗೆ ಎಸೆಯುತ್ತಾನೆ. ವೈರಿಯಾದರೆ ಎದುರು ಕೂಡುವುದೇ ಇಲ್ಲ. ಪರಿಚಯದವನು ಮಾತ್ರ ಮುಲಾಜಿಗೆ ಬಿದ್ದು ಕೂಡುತ್ತಾನೆ. ಕರೆದಾರ, ಒಲ್ಲೆ ಅಂದ್ರ ಏನ ತಿಳ್ಕೋತಾರ ಅಂತ. ಈ ಮುಲಾಜೇ ಇಂಥ ಕಥೆಯ ಬುನಾದಿ. ಇಬ್ಬರನ್ನು ಬಾಲ್ಯದ ಗೆಳೆಯರನ್ನಾಗಿ ಮಾಡಿ, ಕಣ್ಣೀರು ಹರಿಸಿ, ಕೊನೆಗೆ ಒಬ್ಬ ಇನ್ನೊಬ್ಬನಿಗಾಗಿ ಜೀವ ಕೊಟ್ಟ ಎಂದು ಮುಗಿಸುವವರು ಬಹಳ. ಅದು ಬೇರೆ ಜಾತಿಯ ಕಥೆ.

ಒಂದು ಹಾಳೆ ತೆಗೆದು ಪ್ರತಿಯೊಬ್ಬನಿಗೂ ಐದು ಸಾಲು ಬರೆಯಿರಿ: ಎದುರಿನವನ ಬಗ್ಗೆ ಗೊತ್ತಿರುವ ಮೂರು, ತಪ್ಪಾಗಿ ತಿಳಿದಿರುವ ಒಂದು, ಅವನಿಂದ ಮುಚ್ಚಿಟ್ಟಿರುವ ಒಂದು. ಮಲ್ಲಪ್ಪನಿಗೆ ಐವತ್ತೆಂಟು. ಶಿವುಗೆ ಮೂವತ್ತು. ಇಬ್ಬರದೂ ಒಂದೇ ಮುಳುಗಡೆ ಊರು, ಈಗ ಒಬ್ಬ ಬಾಗಲಕೋಟೆಯ ನವನಗರದಲ್ಲಿ, ಇನ್ನೊಬ್ಬ ಪುನರ್ವಸತಿ ಕೇಂದ್ರದಲ್ಲಿ. ಚಹಾದಂಗಡಿಯಲ್ಲಿ ಸಿಕ್ಕರೆ "ಆರಾಮೇನ್ರಿ ಕಾಕಾ", "ಆರಾಮಪಾ ತಮ್ಮಾ" ಎನ್ನುವಷ್ಟು ಗುರುತು. ಶಿವುಗೆ ಮಲ್ಲಪ್ಪನ ಮಗಳ ಮದುವೆ ಎಲ್ಲಿ ಆಯಿತೆಂದು ಗೊತ್ತು, ಆತ ಸಕ್ಕರೆ ಹಾಕದ ಚಹಾ ಕುಡಿಯುವುದು ಗೊತ್ತು. ಮಲ್ಲಪ್ಪನಿಗೆ ಶಿವುನ ಅಪ್ಪ ಹೇಗೆ ಸತ್ತನೆಂದು ಗೊತ್ತು. ಶಿವುಗೆ ಗೊತ್ತಿಲ್ಲದ್ದು ಒಂದು: ಮುಳುಗಡೆಯ ಸರ್ವೆ ನಡೆದಾಗ ಶಿವುನ ಅಪ್ಪನ ಮನೆಯನ್ನು ಮಲ್ಲಪ್ಪ ತನ್ನ ಹೆಸರಿಗೆ ಬರೆಸಿಕೊಂಡು ಪರಿಹಾರ ಎತ್ತಿದ್ದಾನೆ.

ಈಗ ಎರಡನೇ ಹಂತದ ಆ ಹುಡುಗಿಯ ಪ್ರಶ್ನೆಗಳಿಗೆ ಮರಳಿ. ಮನೆ ಅಂದರೆ ಯಾವ ಮನೆ? ಕಾಗದದ ಮೇಲೆ ಶಿವುನ ಮನೆ ಮಲ್ಲಪ್ಪನದು. ಮನೆಯಲ್ಲಿ ನಾಲ್ಕು ಜನ ಇಲ್ಲದಿದ್ದರೆ? ಮಲ್ಲಪ್ಪನ ಮನೆಯಲ್ಲಿ ಈಗ ಇರುವುದು ಮೂವರೇ. ನಾಲ್ಕನೇ ಕಾಯಿಗೆ ಅವನು ಮನಸ್ಸಿನಲ್ಲೇ ಇಟ್ಟ ಹೆಸರು ಶಿವು. ಆಟ ಅದನ್ನು ಒಪ್ಪಿಕೊಳ್ಳುತ್ತದೆ, ಏಕೆಂದರೆ ದಾಖಲೆ ಹಾಗೇ ಹೇಳುತ್ತದೆ. ಅಂದರೆ ಶಿವು ಗೆಲ್ಲಲು ಕಡಿಯಬೇಕಾದ ಕಾಯಿಗಳಲ್ಲಿ ಒಂದು ಅವನೇ. ನಿಯಮದ ತೂತು, ಇಬ್ಬರ ಗುಟ್ಟು, ಊರಿನ ನೋವು, ಮೂರೂ ಒಂದೇ ಗಂಟಿಗೆ ಬರುವವರೆಗೆ ಈ ಹಾಳೆಯ ಮುಂದೆ ಕೂತಿರಿ. ನನಗೆ ಇದಕ್ಕೇ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ, ನಿಮಗೂ ಹಿಡಿಯಲಿ.

ಸಂಬೋಧನೆಯ ಬಗ್ಗೆ ಒಂದು ಮಾತು. ಶಿವು ಆಟದುದ್ದಕ್ಕೂ "ಒಗೀರಿ ಕಾಕಾ" ಎನ್ನುತ್ತಾನೆ. ಮಲ್ಲಪ್ಪ "ನಡಸು ತಮ್ಮಾ" ಎನ್ನುತ್ತಾನೆ. ಆ 'ರಿ' ಒಂದೇ ಒಂದು ಕಡೆ ಬಿಟ್ಟುಹೋಗಬೇಕು. ಗುಟ್ಟು ಶಿವುಗೆ ಗೊತ್ತಾದ ಮೇಲೆ ಅವನು ಕೂಗಾಡುವುದು ಬೇಡ, "ಒಗಿ" ಎಂದರೆ ಸಾಕು. ನಮ್ಮ ಕಡೆಯ ಓದುಗರಿಗೆ ಆ ಎರಡಕ್ಷರ ಕೆನ್ನೆಗೆ ಹೊಡೆದಂತೆ ಕೇಳುತ್ತದೆ.

## ಹಂತ 4: ಜಾಗ ಮತ್ತು ಹೊತ್ತು

ಜಾಗ ಬರೀ ಹಿನ್ನೆಲೆಯಾಗಿ ನಿಂತರೆ ಸಾಲದು. ಅದು ಆಟಗಾರರನ್ನು ಹಿಡಿದಿಡಬೇಕು. ಹಿನ್ನೀರಿನ ಊರು ನನಗೆ ಹಿಡಿಸಿದ್ದು ಇದಕ್ಕೇ. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್. ಬೇಸಿಗೆಯಲ್ಲಿ ನೀರು ಇಳಿಯುತ್ತದೆ, ಮುಂಗಾರಿನಲ್ಲಿ ಏರುತ್ತದೆ. ಆದರೆ ಏರುವ ನೀರು ನಮ್ಮ ಮಳೆಯದಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಹೊಡೆದ ಮಳೆ ಕೃಷ್ಣೆಯಲ್ಲಿ ಇಳಿದು ಬರುತ್ತದೆ. ಇಲ್ಲಿ ಮೋಡವಿಲ್ಲ, ಹನಿಯಿಲ್ಲ, ಎರೆಹೊಲ ಬಾಯಿಬಿಟ್ಟು ಬಿದ್ದಿದೆ. ನೀರು ಮಾತ್ರ ಸದ್ದಿಲ್ಲದೆ ಮೇಲೇರುತ್ತಿದೆ. ಇದಕ್ಕಿಂತ ಹೆಚ್ಚಿನ ಭಯವನ್ನು ನೀವು ಕಟ್ಟಬೇಕಿಲ್ಲ, ಇದ್ದದ್ದನ್ನು ಇದ್ದಂತೆ ಬರೆಯಿರಿ. ಜಲಾಶಯದ ಮಟ್ಟ ದಿನಾ ಪತ್ರಿಕೆಯಲ್ಲಿ ಬರುತ್ತದೆ. ಆಟದ ಪ್ರತಿ ಸುತ್ತಿನ ತಲೆಗೆ ಅಂದಿನ ಮಟ್ಟವನ್ನಷ್ಟೇ ಇಟ್ಟು ನೋಡಿ.

ಮಟ್ಟವನ್ನು 524.256 ಮೀಟರಿಗೆ ಏರಿಸುವ ಯೋಜನೆಯೂ ಇದೆ. ಆಗ ಇನ್ನಷ್ಟು ಊರು ಮುಳುಗುತ್ತವೆ. ಈಗ ಜನ ಇರುವ, ಮುಂದೆ ಮುಳುಗುವ ಮನೆಯಲ್ಲಿ ಆಟ ಇಡಬೇಕೆನ್ನುವವರಿಗೆ ಅದು ಒಳ್ಳೆಯ ದಾರಿ. ಒಂದು ಎಚ್ಚರ ಮಾತ್ರ: ನಿಜವಾಗಿ ಮುಳುಗಿದ ಊರಿನ ಹೆಸರು, ನಿಜವಾದ ಮನೆತನದ ಹೆಸರು ಹಾಕಬೇಡಿ. ಆ ಜನ ಇನ್ನೂ ಇದ್ದಾರೆ, ಅವರ ಹಿರಿಯರ ಗೋರಿಗಳು ಆ ನೀರಿನ ಕೆಳಗಿವೆ.

ಹೊತ್ತಿಗೆ ಮಣ್ಣೆತ್ತಿನ ಅಮಾಸೆ ಹೊಂದುತ್ತದೆ. ಜೇಷ್ಠದ ಕೊನೆ, ನೀರು ಇನ್ನೇನು ಏರಬೇಕು. ಅವತ್ತು ಮನೆಮನೆಯಲ್ಲಿ ಎರೆಮಣ್ಣಿನ ಎತ್ತು ಮಾಡುತ್ತಾರೆ. ಮಲ್ಲಪ್ಪ ಮತ್ತು ಶಿವು ಕಾಯಿಗಳನ್ನು ಆ ಊರಿನ ಮಣ್ಣಿನಿಂದಲೇ ಮಾಡಿಕೊಳ್ಳಲಿ. ಹಸಿ ಮಣ್ಣಿನ ಕಾಯಿ ನೀರು ತಾಗಿದರೆ ಕರಗುತ್ತದೆ. ಆಟ ಬೇಗ ಮುಗಿಸಲೇಬೇಕಾದ ಅವಸರ ಇದರಿಂದ ತಾನಾಗಿ ಬರುತ್ತದೆ.

ಜಾಗ ನೋಡಲು ಹೋಗುವವರು ಹಗಲಲ್ಲಿ ಹೋಗಿ, ಆ ಊರಿನವರನ್ನು ಕರೆದುಕೊಂಡು ಹೋಗಿ. ನೀರು ಸರಿದ ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕೆಳಗೆ ಮೊಣಕಾಲುದ್ದ ರಾಡಿ ಇರಬಹುದು. ಕೃಷ್ಣೆಯಲ್ಲಿ ಮೊಸಳೆಗಳಿವೆ. ರಾತ್ರಿಯ ಅನುಭವ ಬೇಕು ಎಂದು ಒಬ್ಬರೇ ಇಳಿಯಬೇಡಿ.

ವಿಜಯಪುರದವರು ಗೋಲಗುಮ್ಮಟ ತರಲು ಹಂಬಲಿಸುತ್ತಾರೆ. ತನ್ನಿ, ಆದರೆ ಅದರ ಗುಣ ಬಳಸಿ. ಮೇಲಿನ ಪಿಸುಮಾತಿನ ಮೊಗಸಾಲೆಯಲ್ಲಿ ಒಬ್ಬ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರಿನ ಬದಿಯಲ್ಲಿ ಕಿವಿಯಿಟ್ಟವನಿಗೆ ಕೇಳುತ್ತದೆ. ಒಂದು ಚಪ್ಪಾಳೆ ಹಲವು ಸಲ ಮರಳಿ ಬರುತ್ತದೆ. ಇಬ್ಬರು ಎದುರುಬದುರು ನಿಂತು ಪಿಸುಮಾತಿನಲ್ಲೇ ಆಡುವ ಆಟ, ಮರಳಿ ಬರುವ ಸದ್ದುಗಳಲ್ಲಿ ಒಂದು ಲೆಕ್ಕಕ್ಕಿಂತ ಹೆಚ್ಚು. ಇಷ್ಟೇ ಸಾಕು. ಸಂಜೆ ಬಾಗಿಲು ಹಾಕುತ್ತಾರೆ ಎಂಬುದನ್ನು ಮರೆತು ನಡುರಾತ್ರಿಯ ದೃಶ್ಯ ಬರೆಯುವವರಿದ್ದಾರೆ. ಒಳಗೆ ಹೇಗೆ ಉಳಿದರು ಎಂದು ಮೊದಲು ಹೇಳಬೇಕು. ಸಾಠ್ ಕಬರ್‌ನ ಸಮಾಧಿಗಳನ್ನು ಬರೀ ಅಲಂಕಾರಕ್ಕೆ ತರಬೇಡಿ. ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮುನ್ನ ಅಫ್ಜಲ್ ಖಾನ ಕೊಂದನೆನ್ನುವ ಹೆಂಡಂದಿರ ಆ ಐತಿಹ್ಯ ತಾನೇ ದೊಡ್ಡದು, ನಿಮ್ಮ ಇಬ್ಬರು ಆಟಗಾರರನ್ನು ನುಂಗಿಹಾಕುತ್ತದೆ.

## ಹಂತ 5: ಇಡೀ ಆಟವನ್ನು ಕಾಗದದ ಮೇಲೆ ಮುಗಿಸಿ

ಒಂದು ದೃಶ್ಯವನ್ನೂ ಬರೆಯುವ ಮೊದಲು ಪೂರ್ತಿ ಆಟವನ್ನು ಗಣಿತದ ನೋಟ್‌ಬುಕ್ಕಿನಲ್ಲಿ ಆಡಿ ಮುಗಿಸಿ: ಯಾರ ಪಾಳಿ, ಎಷ್ಟು ಬಿತ್ತು, ಯಾವ ಕಾಯಿ ಎಲ್ಲಿಗೆ ಹೋಯಿತು. ಬೇಸರದ ಕೆಲಸ, ಆದರೆ ಕಥೆಯ ಬಿಗಿ ಇಲ್ಲೇ ಹುಟ್ಟುತ್ತದೆ. ನಿಮ್ಮ ಕಾಯಿ ಹೊರಡುವ ಕಟ್ಟೆಯಿಂದ ಎದುರಿನವನ ಕಟ್ಟೆಗೆ ಸರಿಯಾಗಿ 8 ಮನೆ, ಅಂದರೆ ಒಂದೇ ಬಾರ. ಐದು ಮನೆ ಹಿಂದಿರುವ ಕಾಯಿ ನಿಮ್ಮನ್ನು ಒಂದೇ ಗರದಲ್ಲಿ ಮುಟ್ಟಲಾರದು. ಚೌಕ ಬಿದ್ದು, ಮೇಲೆ ಒಂದು ಬಿದ್ದರೆ ಮುಟ್ಟುತ್ತದೆ. ಕಟ್ಟೆಯಿಂದ ಒಂದು ಹೆಜ್ಜೆ ಹೊರಗಿಟ್ಟ ಕಾಯಿಯೇ ನಿಮ್ಮ ಕಥೆಯ ಉಸಿರು.

ಕಡಿತ ಮೂರೇ ಇರಲಿ. ಮೊದಲನೆಯದು ಆಕಸ್ಮಿಕದಂತೆ ಕಾಣಬೇಕು: ಮಲ್ಲಪ್ಪನ ಒಂದು ಕಾಯಿಯನ್ನು ಶಿವು ಕಡಿಯುತ್ತಾನೆ, ಮರುದಿನ ಮಲ್ಲಪ್ಪನ ಅಣ್ಣ ಸತ್ತ ಸುದ್ದಿ, ವಯಸ್ಸಾಗಿತ್ತು ಎಂದುಕೊಳ್ಳುತ್ತಾರೆ. ಎರಡನೆಯದರಲ್ಲಿ ಅನುಮಾನ ಉಳಿಯಕೂಡದು. ಮೂರನೆಯದನ್ನು ಆಡುವವನು ಗೊತ್ತಿದ್ದೂ ಕಡಿಯಬೇಕು. ಈ ಕ್ರಮ ತಪ್ಪಿ ಮೊದಲ ಕಡಿತದಲ್ಲೇ ರಕ್ತ ಹರಿಸಿದರೆ ಮುಂದಿನ ಎರಡಕ್ಕೆ ಏನೂ ಉಳಿಯುವುದಿಲ್ಲ.

ಬಾರವನ್ನು ಮೂರು ನಾಲ್ಕು ಸಲ ಬೀಳಿಸಬೇಡಿ. ಎರಡೂ ಮೈ ಸಮನಾಗಿರುವ ಬೀಜವಾದರೆ 16 ಸಲಕ್ಕೆ ಒಂದು ಬಾರದ ಲೆಕ್ಕ. ಒಂದೇ ಒಂದು ಸಲ, ಬೇಕಾದ ಹೊತ್ತಿಗೆ.

## ಹಂತ 6: ಖಾಲಿ ಮನೆಗಳಿಂದ ದೆವ್ವವನ್ನು ಕೂಡಿಸಿ

ಚೌಕಾಬಾರಕ್ಕೆ ನಾಲ್ಕು ಕಟ್ಟೆ. ಆಡುವವರು ಇಬ್ಬರು. ಉಳಿದ ಎರಡು ಕಟ್ಟೆ ಯಾರವು? ಈ ಪ್ರಶ್ನೆಯನ್ನು ಕಥೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಬಾರದು. ಮೊದಲ ಪುಟದಲ್ಲೇ ಖಾಲಿ ಬದಿಗಳನ್ನು ಓದುಗನಿಗೆ ತೋರಿಸಿಬಿಡಿ, ಆಮೇಲೆ ಬಹಳ ಹೊತ್ತು ಅತ್ತ ಹೋಗಬೇಡಿ. ದೆವ್ವಕ್ಕೆ ಬಟ್ಟೆ, ಕೂದಲು, ಕಣ್ಣು ಬೇಡ. ಅದಕ್ಕೆ ಪಾಳಿ ಇದ್ದರೆ ಸಾಕು. ಅದು ತನ್ನ ಪಾಳಿಗಾಗಿ ಕಾಯುತ್ತದೆ, ಮಧ್ಯೆ ಬಾಯಿ ಹಾಕುವುದಿಲ್ಲ.

ಶುರುವಿನ ದೃಶ್ಯ ಹೀಗಿರಬಹುದು:

ಮಲ್ಲಪ್ಪ ಕವಡಿ ಅಂಗೈಯಾಗ ಹಿಡಕೊಂಡು ಊದಿದ, ಒಗದ. ನಾಲ್ಕೂ ಬೋರಲ.
"ಬಾರ," ಅಂದ. ಎಂಟು ಮನಿ ಬೆರಳಿಟ್ಟು ಎಣಿಸಿ ಕಾಯಿ ತಂದು ಶಿವೂನ ಕಟ್ಟಿಮ್ಯಾಲ ಇಟ್ಟ. "ನಿಮ್ಮ ಬಾಗಲಕ್ಕ ಬಂದೀವಿ ನೋಡು ತಮ್ಮಾ."
"ಬರ್ರಿ ಕಾಕಾ," ಅಂದ ಶಿವು. "ಕೂಡ್ರಿ."

ಇಲ್ಲಿ ಹೆದರುವಂಥದ್ದು ಏನೂ ಇಲ್ಲ. ಮನೆಗೆ ಬಂದವರಿಗೆ ಹೇಳುವ ಮಾತು ಅಷ್ಟೇ. ಆ ಮನೆಯನ್ನೇ ಮಲ್ಲಪ್ಪ ನುಂಗಿದ್ದಾನೆ ಎಂದು ತಿಳಿದ ಮೇಲೆ ಓದುಗ ಈ ಮೂರು ಸಾಲಿಗೆ ತಾನೇ ಹಿಂದಿರುಗುತ್ತಾನೆ. ಎರಡನೇ ಕಡಿತದ ನಂತರದ ದೃಶ್ಯ:

ಕೈಗೆ ಬಂದ ಕವಡಿ ಹಸಿ ಇದ್ದವು. ಶಿವು ಅಂಗೈ ಒರಸಿಕೊಂಡ. "ಕಾಕಾ, ಈಗ ಯಾರ ಪಾಳಿ?"
ಮಲ್ಲಪ್ಪ ಬಲಕ್ಕ ನೋಡಿದ. ಅಲ್ಲೆ ಯಾರೂ ಇರಲಿಲ್ಲ. ಕಟ್ಟಿಮ್ಯಾಲ ನಾಲ್ಕು ಮಣ್ಣಿನ ಕಾಯಿ ಇದ್ದವು. ಅವನ್ನ ಇಬ್ರೊಳಗ ಯಾರೂ ಮಾಡಿರಲಿಲ್ಲ.
"ಕವಡಿ ಕೆಳಗಿಡು," ಅಂದ ಮಲ್ಲಪ್ಪ. "ಅವರದ ಆಗಲಿ."

ಬರೆದ ಮೇಲೆ ಈ ಭಾಗದಲ್ಲಿ 'ಭಯಾನಕ', 'ಮೈ ಜುಮ್ಮೆಂದಿತು', 'ಎದೆ ಝಲ್ಲೆಂದಿತು' ಎಲ್ಲೆಲ್ಲಿವೆ ಹುಡುಕಿ ಹೊಡೆದುಹಾಕಿ. ಹೊಡೆದ ಜಾಗದಲ್ಲಿ ಕೈ ಮಾಡಿದ ಕೆಲಸವೊಂದನ್ನು ಬರೆಯಿರಿ: ಅಂಗೈ ಒರೆಸಿಕೊಂಡದ್ದು, ಕಾಯಿ ನೆಟ್ಟಗಿಟ್ಟದ್ದು.

## ಹಂತ 7: ಕೊನೆಯ ಗರ

ಕೊನೆ ಎಂದರೆ ಯಾರು ಸತ್ತರು ಎಂಬ ಸುದ್ದಿ ಅಂದುಕೊಳ್ಳಬೇಡಿ. ಮೂರನೇ ಕಡಿತದ ಹೊತ್ತಿಗೆ ಓದುಗನಿಗೆ ನಿಯಮ ನಿಮ್ಮಷ್ಟೇ ಗೊತ್ತಿರಬೇಕು. ಆಗ ನೀವು ಕಾಯಿಯನ್ನು ಮನೆಯ ಮುಂದೆ ತಂದು ನಿಲ್ಲಿಸಿದರೆ ಸಾಕು, ಲೆಕ್ಕ ಅವನೇ ಮಾಡುತ್ತಾನೆ. ನೀರು ಅಗಸಿಕಟ್ಟೆಯ ಮೆಟ್ಟಿಲು ಮುಟ್ಟಿದೆ. ಶಿವುನ ಮೂರು ಕಾಯಿ ಹಣ್ಣಾಗಿವೆ. ನಾಲ್ಕನೆಯದು ಹೊರಸುತ್ತಿನಲ್ಲೇ ಇದೆ, ಅದರ ಹೆಸರು ಅವನ ತಾಯಿಯದು. ಅದರ ಎರಡು ಮನೆ ಮುಂದೆ ಮಲ್ಲಪ್ಪ ಹೆಸರು ಬಾಯಿಬಿಟ್ಟು ಹೇಳದ ಆ ನಾಲ್ಕನೇ ಕಾಯಿ. ಬಿದ್ದದ್ದು ಎರಡು. ಬೇರೆ ನಡೆ ಇಲ್ಲ. ಮಲ್ಲಪ್ಪ ಏನೋ ಹೇಳಲು ಬಾಯಿ ತೆರೆಯುತ್ತಾನೆ. ಅಲ್ಲಿ ನಿಲ್ಲಿಸಬಹುದು, ಅಥವಾ ಶಿವು ಮನೆಗೆ ಹೋಗಿ ಒಣ ಹಾಸಿಗೆ ಹಾಸಿಕೊಂಡು ಮಲಗುವವರೆಗೆ ಹೋಗಬಹುದು. ಬೆಳಗಿನ ಪಂಚನಾಮೆ, ಪೊಲೀಸರು, ಎಲ್ಲವೂ ಕನಸಾಗಿತ್ತು ಎಂಬ ಸಾಲು, ಇವು ಯಾವುವೂ ಬೇಡ.

## ಹಂತ 8: ಓದಿಸಿ, ತಿದ್ದಿ

ಮೊದಲ ಓದು ಲೆಕ್ಕಕ್ಕೆ. ಕವಡೆ ಮತ್ತು ಕಾಯಿ ಮುಂದಿಟ್ಟುಕೊಂಡು ಕಥೆಯಲ್ಲಿ ಬರೆದಂತೆಯೇ ಆಡಿ. ಎಲ್ಲಾದರೂ ಕಾಯಿ ತಪ್ಪು ಮನೆಗೆ ಬಂದರೆ ಅಲ್ಲಿಂದ ಮುಂದಿನದೆಲ್ಲ ಮತ್ತೆ ಬರೆಯಬೇಕು, ತೇಪೆ ನಿಲ್ಲುವುದಿಲ್ಲ. ಎರಡನೇ ಓದು ಮಾತಿಗೆ. ಸಂಭಾಷಣೆಗಳನ್ನು ಮೊಬೈಲಿನಲ್ಲಿ ಮುದ್ರಿಸಿ ಕೇಳಿ. ಬಾಗಲಕೋಟೆಯವನ ಬಾಯಲ್ಲಿ ಬೆಂಗಳೂರಿನ ಮಾತು ಬಂದದ್ದು ಕಣ್ಣಿಗೆ ಬೀಳದಿದ್ದರೂ ಕಿವಿಗೆ ಬೀಳುತ್ತದೆ.

ಮೂರನೇ ಓದು, ಮೊದಲ ಹಂತದಲ್ಲಿ ನಿಮ್ಮ ಎದುರು ಕೂತು ಆಡಿದ ಆ ಪರಿಚಯದವರ ಮುಂದೆ. ರಾತ್ರಿ ಊಟ ಆದ ಮೇಲೆ, ಕಥೆ ಏನೆಂದು ಹೇಳದೆ, ಅವಸರವಿಲ್ಲದೆ ಓದಿ. ಅವರು ಮೊಬೈಲ್ ಎತ್ತಿಕೊಂಡ ಸಾಲಿಗೆ ಪೆನ್ಸಿಲ್ ಗುರುತು ಹಾಕಿ, ಅದಕ್ಕಿಂತ ಒಂದು ಪುಟ ಹಿಂದೆ ತಪ್ಪು ಇರುತ್ತದೆ. ಚೆನ್ನಾಗಿದೆ ಎಂದು ಅವರು ಹೇಳಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದೂ ಮುಲಾಜಿನ ಮಾತು. ಓದಿ ಮುಗಿದ ಮೇಲೆ ಸೀಮೆಸುಣ್ಣದಿಂದ ನೆಲದ ಮೇಲೆ ಮನೆ ಬರೆದು, ನಾಲ್ಕು ಕವಡೆ ಅವರ ಕೈಗೆ ಕೊಟ್ಟು, ಒಂದು ಆಟ ಆಡೂಣೇನ್ರಿ ಎಂದು ಕೇಳಿ. ಕೂಡಲೇ ಹೂಂ ಅಂದರೆ ಐದನೇ ಹಂತಕ್ಕೆ ವಾಪಸ್ ಹೋಗಿ.